ಅಕ್ಕಿ ಚೀಲ ಬಂತು, ಅರ್ಜಿ ಎಲ್ಲಿಗೆ ಹೋಯಿತು?

2020ರ ಜೂನ್ ತಿಂಗಳು, ಕೋವಿಡ್ ಕಾಲ. ನಮ್ಮೂರಿನ ಗೆಳೆಯ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದ. ಅವನ ಆಟೋದ ಹಿಂದಿನ ಸೀಟಿನ ಮೇಲೆ ಒಂದು ಬಿಳಿ ಚೀಲ. ಒಳಗೆ ಐದು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಒಂದು ಪ್ಯಾಕೆಟ್ ಎಣ್ಣೆ, ಉಪ್ಪು, ಸಾರಿನ ಪುಡಿ. ಚೀಲದ ಮೇಲೆ ಕೈಮುಗಿದು ನಿಂತ ಶಾಸಕರ ಚಿತ್ರ. ಕೆಳಗೆ ಗೆಳೆಯ ಬರೆದಿದ್ದ: "ಅಕ್ಕಿ ಬಂತು ಕಣೋ. ಐದು ಸಾವಿರ ಬರ್ಲಿಲ್ಲ."

ಐದು ಸಾವಿರ ಅಂದರೆ ಆ ವರ್ಷ ಮೇ 6ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಘೋಷಿಸಿದ 1,610 ಕೋಟಿ ರೂಪಾಯಿ ಪ್ಯಾಕೇಜಿನ ಹಣ. ಆಟೋ, ಟ್ಯಾಕ್ಸಿ ಓಡಿಸುವವರಿಗೆ, ಕ್ಷೌರಿಕರಿಗೆ, ಮಡಿವಾಳರಿಗೆ ತಲಾ 5,000 ರೂಪಾಯಿ. ಚಾಲಕರು ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ನನ್ನ ಗೆಳೆಯನೂ ಹಾಕಿದ. ಡಿಎಲ್‌ನಲ್ಲಿ ಅವನ ಇನಿಷಿಯಲ್ ಹೆಸರಿನ ಮುಂದಿದೆ, ಆಧಾರ್‌ನಲ್ಲಿ ಹಿಂದಿದೆ. ಅಷ್ಟಕ್ಕೇ ಅರ್ಜಿ ನಿಂತುಹೋಯಿತು. ಸೈಬರ್ ಸೆಂಟರಿಗೆ ಮೂರು ಸಲ ಅಲೆದ. ಆಮೇಲೆ ಶಾಸಕರ ಕಚೇರಿಗೆ ಹೋದ. ಅಲ್ಲಿದ್ದವರು ಪ್ರೀತಿಯಿಂದಲೇ ಮಾತಾಡಿಸಿದರಂತೆ. ಕೂರಿಸಿ ನೀರು ಕೊಟ್ಟರು. ಕಿಟ್ ಕೊಟ್ಟರು. ಅರ್ಜಿಯ ವಿಷಯ ಎತ್ತಿದಾಗ ಮಾತ್ರ, "ಅದು ಆನ್‌ಲೈನ್ ಅಲ್ವಾ, ನಮ್ಮ ಕೈಲೇನಿಲ್ಲ" ಅಂದರಂತೆ.

ಈ ಮಾತು ಇವತ್ತಿಗೂ ನನ್ನ ತಲೆಯಿಂದ ಹೋಗಿಲ್ಲ. ಯಾಕೆ ಅಂತ, ಇಲ್ಲಿ ಬ್ರಿಟನ್ನಿನ ಎಂಪಿಗಳನ್ನೂ ನಮ್ಮ ಶಾಸಕರನ್ನೂ ಪಕ್ಕ ಪಕ್ಕ ಇಟ್ಟು ಹೇಳುತ್ತೇನೆ.

ನಾನು ಇರುವುದು ಲಂಡನ್ನಿನ ಪೂರ್ವ ಭಾಗದಲ್ಲಿ. ಪಕ್ಕದ ಕ್ಷೇತ್ರ ಈಸ್ಟ್ ಹ್ಯಾಮ್. ದಕ್ಷಿಣ ಭಾರತದವರು ಸಾಕಷ್ಟು ಜನ ಇರುವ ಜಾಗ. ಅದು ಸೇರಿರುವ ನ್ಯೂಹ್ಯಾಮ್ ಪ್ರದೇಶ ಮೊದಲ ಅಲೆಯಲ್ಲಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಸಾವಿನ ಪ್ರಮಾಣ ಕಂಡ ಪ್ರದೇಶಗಳಲ್ಲಿ ಒಂದು. ಆಂಬುಲೆನ್ಸ್ ಸದ್ದಿಗೆ ಕಿವಿ ಒಗ್ಗಿಹೋಗಿತ್ತು. ಇಲ್ಲಿ ನಮ್ಮಂಥವರಲ್ಲಿ ಬಹಳ ಜನರ ವೀಸಾ ಕಾರ್ಡಿನ ಮೇಲೆ ಒಂದು ಸಾಲು ಅಚ್ಚಾಗಿರುತ್ತಿತ್ತು: 'ನೋ ಪಬ್ಲಿಕ್ ಫಂಡ್ಸ್'. ಅಂದರೆ ನೀವು ದುಡಿಯಬಹುದು, ತೆರಿಗೆ ಕಟ್ಟಬಹುದು, ಆದರೆ ಕೆಲಸ ಹೋದರೆ ಸರ್ಕಾರದ ಭತ್ಯೆ ಕೇಳುವಂತಿಲ್ಲ. ವರ್ಷಗಟ್ಟಲೆ ಆ ಕಾರ್ಡು ಜೇಬಲ್ಲಿಟ್ಟುಕೊಂಡು ಓಡಾಡಿದವನು ನಾನು. ಆ ಸಾಲಿನ ಅರ್ಥ ಪೂರ್ತಿ ತಲೆಗೆ ಇಳಿದಿದ್ದು ಲಾಕ್‌ಡೌನ್ ಬಂದಾಗಲೇ.

ಸಂಬಳದ ಶೇ. 80 ಭಾಗವನ್ನು, ತಿಂಗಳಿಗೆ 2,500 ಪೌಂಡ್‌ವರೆಗೆ, ಸರ್ಕಾರವೇ ಭರಿಸುವ ಫರ್ಲೋ ಯೋಜನೆ ನಮ್ಮಂಥ ವೀಸಾದವರಿಗೂ ಇತ್ತು. ಆದರೆ ಅದಕ್ಕೆ ಮಾಲೀಕ ಹೆಸರು ಕಳಿಸಬೇಕು. ಕಳಿಸದಿದ್ದರೆ? ಇದೇ ಪ್ರಶ್ನೆ 2020ರ ಮೇ 27ರಂದು ಬ್ರಿಟನ್ ಪ್ರಧಾನಿಯ ಮುಂದೆ ಬಂತು. ಸಂಸತ್ತಿನ ಬೇರೆ ಬೇರೆ ಸಮಿತಿಗಳ ಅಧ್ಯಕ್ಷರು ಸೇರಿದ ಲಿಯೇಸನ್ ಕಮಿಟಿ ಬೋರಿಸ್ ಜಾನ್ಸನ್ ಅವರನ್ನು ವಿಡಿಯೋದಲ್ಲಿ ಪ್ರಶ್ನಿಸುತ್ತಿತ್ತು. ಈಸ್ಟ್ ಹ್ಯಾಮ್ ಎಂಪಿ ಸ್ಟೀಫನ್ ಟಿಮ್ಸ್ ಸರದಿ. ಅವರು ದೊಡ್ಡ ಭಾಷಣ ಮಾಡಲಿಲ್ಲ. ತಮ್ಮ ಕ್ಷೇತ್ರದ ಒಂದೇ ಒಂದು ಮನೆಯ ಕಥೆ ಹೇಳಿದರು. ಗಂಡ, ಹೆಂಡತಿ, ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಇಬ್ಬರು ಮಕ್ಕಳು. ಗಂಡನ ಕಂಪನಿ ಸಂಬಳ ನಿಲ್ಲಿಸಿದೆ, ಫರ್ಲೋಗೂ ಹಾಕಿಲ್ಲ. ಹೆಂಡತಿಯ ದುಡಿಮೆ ಮನೆ ಬಾಡಿಗೆಗೂ ಸಾಲದು. ವೀಸಾ ಷರತ್ತಿನಿಂದ ಭತ್ಯೆಯೂ ಇಲ್ಲ.

ಇವರಿಗೆ ಭತ್ಯೆ ಯಾಕೆ ಸಿಗುವುದಿಲ್ಲ ಅಂತ ಪ್ರಧಾನಿಯೇ ತಿರುಗಿ ಕೇಳಿದರು. ತಮ್ಮದೇ ಸರ್ಕಾರದ ನಿಯಮ ಅವರಿಗೆ ಆ ಹೊತ್ತಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. ನಾನು ಅಡುಗೆಮನೆಯ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನು ನೋಡಿದೆ. ಮೈ ಜುಮ್ಮೆಂದಿತು. ಒಂದು ಬಾಡಿಗೆ ಮನೆಯ ಕಷ್ಟ ನೇರ ದೇಶದ ಪ್ರಧಾನಿಯ ಕಿವಿಗೆ ಬಿತ್ತಲ್ಲ ಅಂತ.

ಆ ನಿಯಮ ರದ್ದಾಗಲಿಲ್ಲ, ಅದನ್ನೂ ಹೇಳಲೇಬೇಕು. ಆ ವರ್ಷ ನಮ್ಮ ಕಡೆಯ ಎಷ್ಟೋ ವಿದ್ಯಾರ್ಥಿಗಳು ಪಾರ್ಟ್ ಟೈಮ್ ಕೆಲಸ ಕಳೆದುಕೊಂಡು ದಿನಸಿಗಾಗಿ ನ್ಯೂಹ್ಯಾಮ್‌ನ ಬೀದಿಗಳಲ್ಲಿ ಸಾಲು ನಿಂತರು. ಅವರಿಗೆ ಅಕ್ಕಿ ಬೇಳೆ ಕೊಟ್ಟವರು ಅಲ್ಲಿನ ಸ್ವಯಂಸೇವಕರು. ಹಸಿದ ಹೊಟ್ಟೆಗೆ ಸಂಸತ್ತಿನ ಪ್ರಶ್ನೆ ಊಟವಾಗುವುದಿಲ್ಲ. ಹಾಗಾಗಿ ನಮ್ಮೂರಿನ ಶಾಸಕರು ಕೊಟ್ಟ ಚೀಲವನ್ನು ಸಣ್ಣದು ಅಂತ ನಾನು ಯಾವತ್ತೂ ಅನ್ನುವುದಿಲ್ಲ. ಆ ಚೀಲದಲ್ಲಿ ನನ್ನ ಗೆಳೆಯನ ಮನೆಯಲ್ಲಿ ಎರಡು ವಾರ ಒಲೆ ಉರಿದಿದೆ.

ಇಲ್ಲಿನ ಎಂಪಿಗೆ ಕ್ಷೇತ್ರದಲ್ಲಿ ಖರ್ಚು ಮಾಡೋಕೆ ನಿಧಿ ಅಂತ ಏನೂ ಇಲ್ಲ. ನಮ್ಮ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಲೋಕಸಭಾ ಸದಸ್ಯರಿಗೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. (ಎಂಪಿಗಳ ನಿಧಿಯನ್ನು ಕೇಂದ್ರ ಸರ್ಕಾರ 2020ರ ಏಪ್ರಿಲ್‌ನಲ್ಲಿ ನಿಲ್ಲಿಸಿತ್ತು, 2021ರ ನವೆಂಬರ್‌ನಲ್ಲಿ ಮತ್ತೆ ಶುರು ಮಾಡಿತು.) ಇಲ್ಲಿನವರ ಕೈಯಲ್ಲಿರುವುದು ಪೆನ್ನು, ಮತ್ತೆ ಸರ್ಕಾರದ ದುಡ್ಡಲ್ಲಿ ಸಂಬಳ ಪಡೆಯುವ ನಾಲ್ಕಾರು ಸಿಬ್ಬಂದಿ. ಆ ಸಿಬ್ಬಂದಿಯ ಮುಖ್ಯ ಕೆಲಸಗಳಲ್ಲಿ ಒಂದು ಜನರ ಅಹವಾಲು ನೋಡುವುದು. ಅದಕ್ಕೆ 'ಕೇಸ್‌ವರ್ಕ್' ಅಂತಾರೆ. 2020ರ ಮಾರ್ಚ್‌ನಲ್ಲಿ ಸಿಬ್ಬಂದಿ ಮನೆಯಿಂದ ಕೆಲಸ ಮಾಡೋಕೆ ಬೇಕಾದ ಲ್ಯಾಪ್‌ಟಾಪ್, ಪ್ರಿಂಟರ್ ಖರ್ಚಿಗೆ ಅಂತ ಪ್ರತಿ ಎಂಪಿ ಕಚೇರಿಗೆ 10,000 ಪೌಂಡ್‌ವರೆಗೆ ಹೆಚ್ಚುವರಿ ಅವಕಾಶ ಕೊಟ್ಟರು. ಎಂಪಿಗಳ ಜೇಬಿಗೆ ದುಡ್ಡು ಹೋಯಿತು ಅಂತ ಜನ ಸಿಟ್ಟಾದರು. ನನಗೂ ಮೊದಲು ಹಾಗೇ ಅನಿಸಿತ್ತು. ಆಮೇಲೆ ಆ ಕಚೇರಿ ನನಗೇ ಬೇಕಾಯಿತು.

ನನ್ನ ಹೆಂಡತಿಯ ವೀಸಾ ವಿಸ್ತರಣೆಗೆ ಅರ್ಜಿ ಹಾಕಿದ್ದೆವು. ಬೆರಳಚ್ಚು ಕೊಡುವ ಕೇಂದ್ರಗಳು ಮಾರ್ಚ್ ಕೊನೆಗೆ ಮುಚ್ಚಿದವು. ಅವಳ ಆಫೀಸಿನವರು ಹೊಸ ಕಾರ್ಡ್ ತೋರಿಸಿ ಅಂತ ಪಟ್ಟು ಹಿಡಿದರು. ಎಲ್ಲಿಂದ ತರೋದು? ಒಂದು ರಾತ್ರಿ ನಿದ್ದೆ ಬರದೆ ನಮ್ಮ ಎಂಪಿಗೆ ಇಮೇಲ್ ಬರೆದೆ. ತಕ್ಷಣ ಒಂದು ಯಾಂತ್ರಿಕ ಉತ್ತರ ಬಂತು: ನಿಮ್ಮ ಪೂರ್ತಿ ವಿಳಾಸ, ಪೋಸ್ಟ್‌ಕೋಡ್ ಕಳಿಸಿ. ನಾನು ಯಾವ ಪಕ್ಷ ಅಂತ ಕೇಳಲಿಲ್ಲ. ಯಾರ ಕಡೆಯವನು ಅಂತ ಕೇಳಲಿಲ್ಲ. ಆ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು. ನಾಲ್ಕನೇ ದಿನ ಒಬ್ಬ ಹೆಣ್ಣುಮಗಳು ಬರೆದರು. ಅದರಲ್ಲಿ ಒಂದು ಕೇಸ್ ನಂಬರ್ ಇತ್ತು. ಐದು ವಾರ ಆದ ಮೇಲೆ ವೀಸಾ ನೋಡುವ ಇಲಾಖೆಯಿಂದ ಅವರಿಗೆ ಬಂದ ಉತ್ತರದ ಪ್ರತಿ ಬಂತು: ಅರ್ಜಿ ಬಾಕಿ ಇರುವವರೆಗೆ ಅವರು ಕೆಲಸ ಮಾಡಬಹುದು ಅಂತ. ಆ ಕಾಗದ ತೋರಿಸಿದ ಮೇಲೆ ಆಫೀಸಿನವರು ಸುಮ್ಮನಾದರು. ನಮ್ಮ ಎಂಪಿಯ ಮುಖವನ್ನು ನಾನು ಇವತ್ತಿಗೂ ಎದುರಿಗೆ ನೋಡಿಲ್ಲ.

ಐದು ವಾರ ದೊಡ್ಡ ಸಮಯ. ಜೀವದ ಪ್ರಶ್ನೆ ಬಂದಾಗ ಈ ದಾರಿ ಕೆಲಸಕ್ಕೆ ಬರುವುದಿಲ್ಲ. 2021ರ ಮೇ ತಿಂಗಳು ನನಗೆ ಅದನ್ನು ತೋರಿಸಿತು.

ಬೆಂಗಳೂರಿನಲ್ಲಿ ನನ್ನ ಸೋದರಮಾವನಿಗೆ ಆಕ್ಸಿಜನ್ ಮಟ್ಟ 84ಕ್ಕೆ ಇಳಿಯಿತು. ಕೋವಿಡ್ ಸೋಂಕಿತರಿಗೆ ಕೊಡುತ್ತಿದ್ದ ಗುರುತಿನ ಸಂಖ್ಯೆ, ಬಿಯು ನಂಬರ್, ಇನ್ನೂ ಬಂದಿರಲಿಲ್ಲ. ಆ ನಂಬರ್ ಇಲ್ಲದೆ ಸರ್ಕಾರಿ ಕೋಟಾದ ಬೆಡ್ ಇಲ್ಲ. ಬೆಡ್ ಹಂಚುತ್ತಿದ್ದ ವಾರ್ ರೂಮ್ ಫೋನು ಹತ್ತುತ್ತಿಲ್ಲ. ಮಾವನ ಮಗ ಯಾರೋ ಸ್ನೇಹಿತರ ಮೂಲಕ ಶಾಸಕರ ಪಿಎ ನಂಬರ್ ಹಿಡಿದ. ರಾತ್ರಿ ಎರಡು ಗಂಟೆಗೆ ಆ ಹುಡುಗ ಫೋನ್ ಎತ್ತಿದ. "ಅಣ್ಣ, ಹತ್ತು ನಿಮಿಷ ಟೈಮ್ ಕೊಡಿ" ಅಂದ. ನಾಲ್ಕು ಗಂಟೆಗೆ ಬೆಡ್ ಸಿಕ್ಕಿತು. ಮಾವ ಉಳಿದರು. ಆ ಹುಡುಗನ ಹೆಸರು ನನಗೆ ಗೊತ್ತಿಲ್ಲ. ಅವನ ಋಣ ನಮ್ಮ ಮನೆಯವರು ತೀರಿಸೋಕೆ ಆಗುವುದಿಲ್ಲ. ಇಲ್ಲಿನ ಯಾವ ಎಂಪಿ ಕಚೇರಿಯೂ ರಾತ್ರಿ ಎರಡಕ್ಕೆ ಫೋನ್ ಎತ್ತುವುದನ್ನು ನಾನು ಕಂಡಿಲ್ಲ, ಕೇಳಿಲ್ಲ. ಹೊನ್ನಾಳಿಯ ಆಗಿನ ಶಾಸಕ ಎಂ.ಪಿ. ರೇಣುಕಾಚಾರ್ಯ ಕೋವಿಡ್ ಕೇಂದ್ರದಲ್ಲೇ ಹೋಗಿ ಉಳಿದರು, ಸೋಂಕಿತರ ನಡುವೆ ಮಲಗಿದರು. ಅದರ ಬಗ್ಗೆ ಟೀಕೆಯೂ ಬಂತು. ಆದರೆ ಕಾಯಿಲೆ ಬಿದ್ದವರ ಹತ್ತಿರ ಹೋಗಿ ಕೂರುವುದು ನಮ್ಮ ಜನ ಮೆಚ್ಚುವ ಗುಣ. ನಾನೂ ಮೆಚ್ಚುತ್ತೇನೆ.

ನನ್ನನ್ನು ಕಾಡುವುದು ಬೇರೆ. ಮಾವನ ಎದುರು ಮನೆಯಲ್ಲಿ ಒಬ್ಬರು ಅಜ್ಜ ಇದ್ದರು. ನಿವೃತ್ತ ಮೇಷ್ಟ್ರು. ಅದೇ ವಾರ ಅವರಿಗೂ ಉಸಿರು ಕಟ್ಟಿತು. ಅವರ ಮನೆಯವರಿಗೆ ಯಾವ ಪಿಎ ನಂಬರೂ ಗೊತ್ತಿರಲಿಲ್ಲ. ವಾರ್ ರೂಮ್‌ಗೇ ಫೋನ್ ಮಾಡುತ್ತಾ ಕೂತರು. ಎರಡನೇ ದಿನ ಅವರು ಹೋಗಿಬಿಟ್ಟರು. ನಮಗೆ ಬೆಡ್ ಸಿಕ್ಕಿದ್ದು ಕಾಯಿಲೆ ಜೋರಾಗಿದ್ದಕ್ಕೆ ಅಲ್ಲ, ಪರಿಚಯ ಇದ್ದದ್ದಕ್ಕೆ. ಮಾವನಿಗೂ ಇದು ಗೊತ್ತು. ಎದುರು ಮನೆಯ ಅಜ್ಜಿಯನ್ನು ಕಂಡಾಗ ಇವತ್ತಿಗೂ ಅವರು ತಲೆ ತಗ್ಗಿಸುತ್ತಾರೆ.

ಪರಿಚಯದ ದಾರಿ ಬ್ರಿಟನ್‌ನಲ್ಲೂ ಇತ್ತು, ಮುಚ್ಚಿಡಬಾರದು. ಸೋಂಕು ತಡೆಯುವ ಉಡುಪು, ಮಾಸ್ಕ್ ಇತ್ಯಾದಿ ಪಿಪಿಇ ಖರೀದಿಯಲ್ಲಿ ಮಂತ್ರಿಗಳು, ಎಂಪಿಗಳು, ಅಧಿಕಾರಿಗಳು ಹೇಳಿದ ಕಂಪನಿಗಳಿಗೆ ಬೇರೆ ಸಾಲು ಮಾಡಿದ್ದರು. ಜನ ಅದನ್ನು 'ವಿಐಪಿ ಲೇನ್' ಅಂತ ಕರೆದರು. ಅದು ಕಾನೂನಿಗೆ ವಿರುದ್ಧ ಅಂತ 2022ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು.

ಈಗ ಆಟೋ ಗೆಳೆಯನ ಅರ್ಜಿಗೆ ವಾಪಸ್ ಬರುತ್ತೇನೆ. ಹೆಸರು ತಾಳೆಯಾಗದೆ ನಿಂತ ಅರ್ಜಿ ಅವನೊಬ್ಬನದೇ ಆಗಿರಲಿಕ್ಕಿಲ್ಲ. ಶಾಸಕರ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇದ್ದು, ಇಂಥ ಕಾರಣಕ್ಕೆ ಇಷ್ಟು ಜನರ ಹಣ ನಿಂತಿದೆ ಅಂತ ಬರೆದುಕೊಂಡಿದ್ದರೆ? ಆ ಲೆಕ್ಕ ಹಿಡಿದುಕೊಂಡು ಸಾರಿಗೆ ಇಲಾಖೆಗೆ ಹೋಗಬಹುದಿತ್ತು. ಹೆಸರಿನ ಜೋಡಣೆಯ ನಿಯಮ ಸ್ವಲ್ಪ ಸಡಿಲಿಸಿ ಅಂತ ಮಂತ್ರಿಯನ್ನು ಕೇಳಬಹುದಿತ್ತು. ಚೀಲ ಒಂದು ಮನೆಗೆ ಎರಡು ವಾರಕ್ಕೆ ಆಗುತ್ತದೆ. ನಿಯಮ ಬದಲಾದರೆ ರಾಜ್ಯದ ಪ್ರತಿ ತಾಲ್ಲೂಕಿನ ಚಾಲಕನಿಗೂ ಆಗುತ್ತದೆ. ಶಾಸಕ ಅನ್ನುವ ಪದದ ಒಳಗೇ ಶಾಸನ ಇದೆ ಅಲ್ವಾ? "ಆನ್‌ಲೈನ್, ನಮ್ಮ ಕೈಲಿಲ್ಲ" ಅನ್ನುವ ಮಾತು ನನಗೆ ನೋವು ಕೊಡುವುದು ಅದಕ್ಕೇ. ಕಿಟ್ ಯಾರು ಬೇಕಾದರೂ ಹಂಚಬಹುದು. ಮಠದವರು, ಸಂಘದವರು, ಅಂಗಡಿಯವರು ಎಲ್ಲರೂ ಹಂಚಿದರು. ಆ ನಿಯಮದ ಬಗ್ಗೆ ಸದನದಲ್ಲಿ ಎದ್ದು ನಿಂತು ಕೇಳುವ ಅಧಿಕಾರ ರಾಜ್ಯದಲ್ಲಿ ಶಾಸಕರಿಗೆ ಮಾತ್ರ ಇದ್ದದ್ದು.

ಕೇಳೋಕೆ ಸದನವಾದರೂ ಇರಬೇಕಲ್ಲ. ಇದು ನನಗೆ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಅನಿಸಿದ್ದು. ಬ್ರಿಟನ್ ಸಂಸತ್ತು 2020ರ ಮಾರ್ಚ್ 25ಕ್ಕೆ ರಜೆಗೆ ಹೋಗಿ ಏಪ್ರಿಲ್ 21ಕ್ಕೆ ಮತ್ತೆ ಸೇರಿತು. ಮರುದಿನದಿಂದ ಸುಮಾರು 50 ಮಂದಿ ಸದನದ ಒಳಗೆ, 120 ಮಂದಿಯವರೆಗೆ ಝೂಮ್‌ನಲ್ಲಿ. ಒಬ್ಬರ ಮೈಕ್ ಆಫ್ ಆಗಿರುತ್ತಿತ್ತು, ಇನ್ನೊಬ್ಬರ ದನಿ ಕಡಿದು ಕಡಿದು ಬರುತ್ತಿತ್ತು. ಆದರೂ ನಡೆಯಿತು. ನಮ್ಮ ವಿಧಾನಸಭೆ ಮಾರ್ಚ್ 24ಕ್ಕೆ ಮುಗಿದದ್ದು ಮತ್ತೆ ಸೇರಿದ್ದು ಸೆಪ್ಟೆಂಬರ್ 21ಕ್ಕೆ. ಆರು ತಿಂಗಳು ದಾಟಬಾರದು ಅಂತ ಸಂವಿಧಾನದ 174ನೇ ವಿಧಿ ಹೇಳುತ್ತದೆ. ಆ ಗಡುವಿಗೆ ಮೂರು ದಿನ ಇದ್ದಾಗ ಸೇರಿತು. ಮರುವರ್ಷ ಮೇ 2ರ ರಾತ್ರಿ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ 24 ಮಂದಿ ಸತ್ತ ಸುದ್ದಿ ಬಂತು. ಆಗಲೂ ಸದನ ಇರಲಿಲ್ಲ. ಅಧಿವೇಶನ ಶುರುವಾಗಿದ್ದು ಸೆಪ್ಟೆಂಬರ್ 13ಕ್ಕೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಗಳೆಲ್ಲ ವಾರದೊಳಗೆ ವಿಡಿಯೋ ಮೀಟಿಂಗ್‌ಗೆ ಇಳಿದವು. 224 ಜನರ ಸದನಕ್ಕೆ ಅದು ಯಾಕೆ ಆಗಲಿಲ್ಲ? ಇದನ್ನು ನಾವು ಜೋರಾಗಿ ಕೇಳಬೇಕಿತ್ತು. ಕೇಳಲಿಲ್ಲ.

ನಮ್ಮ ಶಾಸಕರ ಹೊರೆಯೂ ಸಣ್ಣದಲ್ಲ. 2011ರ ಜನಗಣತಿಯ ಪ್ರಕಾರ ಲೆಕ್ಕ ಹಾಕಿದರೆ ಒಬ್ಬ ಶಾಸಕರಿಗೆ ಸರಾಸರಿ 2.7 ಲಕ್ಷ ಜನ. ಇಲ್ಲಿ ಒಬ್ಬ ಎಂಪಿಗೆ ಸುಮಾರು 1 ಲಕ್ಷ. ನಮ್ಮಲ್ಲಿ ಅಹವಾಲು ಬರೆದುಕೊಳ್ಳುವ ಕೆಲಸಕ್ಕೇ ಅಂತ ಸಂಬಳದ ಜನ ಇಲ್ಲ. ಪಿಎ ಒಬ್ಬರು, ಉಳಿದವರೆಲ್ಲ ಪಕ್ಷದ ಹುಡುಗರು. ಆ ರಾತ್ರಿ ಫೋನ್ ಎತ್ತಿದವನು ಅವರಲ್ಲೇ ಒಬ್ಬ ಇರಬೇಕು. ಪ್ರತಿ ಶಾಸಕರ ಕಚೇರಿಗೆ ಇಬ್ಬರು ಕೇಸ್‌ವರ್ಕರ್‌ಗಳು, ಬಂದ ಪ್ರತಿಯೊಬ್ಬರಿಗೂ ಒಂದು ನಂಬರ್, ಒಂದು ಲಿಖಿತ ಉತ್ತರ. ಇಷ್ಟಕ್ಕೆ ಸರ್ಕಾರ ದುಡ್ಡು ಕೊಟ್ಟರೆ ನಾನಂತೂ ಒಪ್ಪುತ್ತೇನೆ. ಆ ಹುಡುಗನಂಥವರು ಅಲ್ಲಿ ಕೂತರೆ ಎದುರು ಮನೆಯ ಮೇಷ್ಟ್ರಿಗೂ ಅವರ ನಂಬರ್ ಗೊತ್ತಿರುತ್ತದೆ.

ಜನರನ್ನು ಎದುರಿಗೆ ಕಾಣುವುದು ಇಲ್ಲಿ ಸಲೀಸು ಅಂದುಕೊಳ್ಳಬೇಡಿ. ಸ್ಟೀಫನ್ ಟಿಮ್ಸ್ ಅವರಿಗೆ 2010ರಲ್ಲಿ ಬೆಕ್ಟನ್‌ನಲ್ಲಿ ಅಹವಾಲು ಕೇಳುವಾಗಲೇ ಚಾಕು ಇರಿದಿದ್ದರು. 2021ರ ಅಕ್ಟೋಬರ್‌ನಲ್ಲಿ, ಲಾಕ್‌ಡೌನ್ ತೆರೆದು ಜನ ಮತ್ತೆ ಎದುರಿಗೆ ಸಿಗುತ್ತಿದ್ದ ಹೊತ್ತಿನಲ್ಲಿ, ಎಂಪಿ ಡೇವಿಡ್ ಏಮೆಸ್ ಅವರನ್ನು ಅಂಥದ್ದೇ ಭೇಟಿಯಲ್ಲಿ ಕೊಂದರು. ಆದರೂ ಈ ಭೇಟಿಗಳು ನಿಂತಿಲ್ಲ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಇಲ್ಲಿ ಓಟು ಹಾಕುತ್ತೇನೆ. ಕಾಮನ್‌ವೆಲ್ತ್ ದೇಶದವರಿಗೆ ಆ ಹಕ್ಕಿದೆ. ಊರಿನಲ್ಲಿ ಹಾಕಬೇಕಾದರೆ ವಿಮಾನ ಹತ್ತಿ ಮತಗಟ್ಟೆಗೇ ಹೋಗಬೇಕು. 2023ರ ಮೇ 10ರ ಚುನಾವಣೆಗೆ ಹೋಗಲಾಗಲಿಲ್ಲ. ಅದಕ್ಕೆ ಒಂದು ವಾರ ಮುಂಚೆ ಗೆಳೆಯನಿಗೆ ಫೋನ್ ಮಾಡಿದ್ದೆ. ಮನೆ ಮನೆಗೆ ಬಂದ ಪಕ್ಷದವರ ಹತ್ತಿರ ಆ ಐದು ಸಾವಿರದ ವಿಷಯ ಎತ್ತಿದೆಯಾ ಅಂತ ಕೇಳಿದೆ. ಎತ್ತಿದ್ದನಂತೆ. ಅವರು ಪಾಂಪ್ಲೆಟ್ ಹಿಂದೆ ಅವನ ಹೆಸರು, ಫೋನ್ ನಂಬರ್ ಬರೆದುಕೊಂಡು ಹೋದರಂತೆ.

"ಅರ್ಜಿ ನಂಬರ್ ಕೊಟ್ಯಾ?" ಅಂದೆ.

"ಅವರು ಕೇಳ್ಲಿಲ್ಲ ಕಣೋ. ಇದೆ, ಆಟೋದಲ್ಲೇ ಇಟ್ಕೊಂಡಿದ್ದೀನಿ, ಇನ್ಶೂರೆನ್ಸ್ ಪೇಪರ್ ಜೊತೆ."