ಹುಚ್ಚು ಬಿಟ್ಟ ಮೇಲೆ ಲಗ್ನ

ಕಂಪ್ಯೂಟರಿನ ಹೊಸ ಮದರ್‌ಬೋರ್ಡಿನ ಡಬ್ಬಿ ಮೇಲೆ ಬಂಗಾರದ ಬಣ್ಣದಲ್ಲಿ "2.5ಜಿ ಲ್ಯಾನ್" ಎಂದು ಬರೆದಿತ್ತು. ಲ್ಯಾನ್ ಅಂದರೆ ನೆಟ್ ವೈರ್ ಹಚ್ಚುವ ಜಾಗ. ಹಳೇ ಬೋರ್ಡಿನಲ್ಲಿ ಅದರ ವೇಗ 1 ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಇತ್ತು, ಇದು ಅದರ ಎರಡೂವರೆ ಪಟ್ಟು. ನಮ್ಮ ಗಲ್ಲಿಗೆ ಬರುವ ಇಂಟರ್ನೆಟ್ಟೇ 40 ಎಂಬಿಪಿಎಸ್, ಅದೂ ಮಳೆ ಬಂದರೆ ಇಲ್ಲ. ಆದರೂ ಇರಲಿ ಅಂತ ತಂದೆ. ಚಕ್ಕಡಿ ಇಟ್ಟುಕೊಂಡು ಟೋಲ್ ಪಾಸ್ ಮಾಡಿಸಿದ ಹಾಗೆ.

ನಮ್ಮದು ಗದಗಿನಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಕಾಶಿ ಅಂದಮೇಲೆ ಇಕ್ಕಟ್ಟು ಗಲ್ಲಿ ಇರಲೇಬೇಕಲ್ಲ, ಅಂಥದೊಂದರಲ್ಲಿ ನಾನಿದ್ದೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಪೋಸ್ಟರ್, ಶಿವಗಣಾರಾಧನೆ ಕಾರ್ಡು, ಎಲ್ಲಾ ನಡೆಯುತ್ತದೆ. ಇದನ್ನೆಲ್ಲ ಹನ್ನೊಂದು ವರ್ಷ ತಕರಾರಿಲ್ಲದೆ ಮಾಡಿಕೊಟ್ಟ ಹಳೇ ಕಂಪ್ಯೂಟರಿಗೆ 2025ರ ಅಕ್ಟೋಬರ್ 14ಕ್ಕೆ ರಿಟೈರ್ಮೆಂಟ್ ಆಯಿತು. ಅದಕ್ಕೆ ಕಾಯಿಲೆ ಏನೂ ಇರಲಿಲ್ಲ. ಅವತ್ತು ವಿಂಡೋಸ್ 10ಕ್ಕೆ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಹೋಗೋಣ ಅಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಅದು ಹಳೇ ಬೋರ್ಡಿನಲ್ಲಿ ಇಲ್ಲ. ಗಟ್ಟಿಮುಟ್ಟಾದ ಎತ್ತನ್ನು, ಕಿವಿಗೆ ಬಿಲ್ಲೆ ಇಲ್ಲ ಅಂತ ಹೊಲದಿಂದ ಹೊರಗೆ ಹಾಕಿದರು.

ಹಾಗಾಗಿ ಹೊಸ ಬೋರ್ಡು. ಹುಬ್ಬಳ್ಳಿಯಿಂದ ಹತ್ತಿರ ಹತ್ತಿರ 60 ಕಿಲೋಮೀಟರ್ ಬಸ್ಸಿನಲ್ಲಿ ನನ್ನ ತೊಡೆ ಮೇಲೆ ಕೂತು ಬಂತು. "ಕೆಳಗ ಇಡ್ರಿ ಅದನ್ನ" ಅಂತ ಕಂಡಕ್ಟರ್ ಎರಡು ಸಲ ಹೇಳಿದ. ಇಡಲಿಲ್ಲ. ಜೋಡಿಸುವ ಕೆಲಸ ನನಗೆ ಬರುತ್ತದೆ. ಪ್ರೊಸೆಸರ್ ಕೂರಿಸಿದೆ, ರ‍್ಯಾಮ್ ಒತ್ತಿದೆ, ಊದಿನಕಡ್ಡಿ ಹಚ್ಚಿದೆ, ಬಟನ್ ಒತ್ತಿದೆ. ಫ್ಯಾನ್ ತಿರುಗಿತು. ಹುಬ್ಬಳ್ಳಿ ಅಂಗಡಿ ಹುಡುಗ ಕೊಟ್ಟ ಪೆನ್‌ಡ್ರೈವ್‌ನಿಂದ ವಿಂಡೋಸ್ 11 ಹಾಕಿದೆ. ದೇಶ ಯಾವುದು ಅಂತ ಕೇಳಿತು, ಹೇಳಿದೆ. ಕೀಬೋರ್ಡ್ ಯಾವುದು ಅಂತ ಕೇಳಿತು, ಅದನ್ನೂ ಹೇಳಿದೆ. ಆಮೇಲೆ "ಬನ್ನಿ, ನಿಮ್ಮನ್ನು ನೆಟ್‌ವರ್ಕ್‌ಗೆ ಜೋಡಿಸೋಣ" ಎಂಬ ಅರ್ಥದ ಪರದೆ ಬಂತು. ಬಂದದ್ದು ಅಲ್ಲೇ ನಿಂತಿತು. ಜೋಡಿಸಲು ಪಟ್ಟಿಯಲ್ಲಿ ಏನೂ ಇಲ್ಲ. ಮುಂದೆ ಹೋಗುವ ಬಟನ್ ಬೂದಿ ಬಣ್ಣಕ್ಕೆ ತಿರುಗಿ ಮಲಗಿತ್ತು.

ಅಂಗಡಿಯಲ್ಲಿ ಮುಂಡರಗಿ ಕಡೆಯ ಒಬ್ಬ ಯಜಮಾನರು ಕೂತಿದ್ದರು. ಮಗಳ ಲಗ್ನಪತ್ರಿಕೆ ಮಾಡಿಸಬೇಕು. ಕೈಯಲ್ಲಿ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಹಾಳೆ. ಅದರಲ್ಲಿ ಸುಖಾಗಮನ ಬಯಸುವವರೇ ನಲವತ್ತು ಮಂದಿ.

"ಏನಂತೈತ್ರಿ ಅದು?" ಅಂದರು.

"ನೆಟ್ ಕೇಳಾಕತ್ತೈತ್ರಿ."

"ಕೊಡ್ರಿ ಮತ್ತ."

"ವೈರ್ ಹಚ್ಚೇನ್ರಿ. ಆದ್ರ ವೈರ್ ಹಚ್ಚಿದ ಜಾಗಾನ ಇದಕ್ಕ ಕಾಣವಲ್ತು. ಕಾಣಬೇಕಂದ್ರ ಡ್ರೈವರ್ ಬೇಕು."

"ಎಲ್ಲಿ ಹೋಗ್ಯಾನ ಡ್ರೈವರ್?"

"ನೆಟ್‌ನ್ಯಾಗ ಅದಾನ್ರಿ."

ಯಜಮಾನರು ಎಲೆಗೆ ಸುಣ್ಣ ಹಚ್ಚಿದರು. ಮಡಚಿ ಬಾಯಿಗಿಟ್ಟುಕೊಂಡರು. "ಹುಚ್ಚು ಬಿಡೂತನಕ ಲಗ್ನ ಆಗೂದಿಲ್ಲ, ಲಗ್ನ ಆಗೂತನಕ ಹುಚ್ಚು ಬಿಡೂದಿಲ್ಲ ಅಂದಂಗಾತು" ಅಂದರು.

ಇಷ್ಟು ಚಂದವಾಗಿ ಯಾವ ಕಂಪನಿಯ ಕೈಪಿಡಿಯೂ ಹೇಳಿಲ್ಲ ನೋಡಿ. ಡ್ರೈವರ್ ಅಂದರೆ ಚಿಪ್ಪನ್ನು ವಿಂಡೋಸ್‌ಗೆ ಪರಿಚಯ ಮಾಡಿಕೊಡುವ ಸಣ್ಣ ತಂತ್ರಾಂಶ. ವಿಂಡೋಸ್ ಬರುವಾಗ ತನಗೆ ಗೊತ್ತಿರುವ ಚಿಪ್‌ಗಳ ಡ್ರೈವರ್ ಎಲ್ಲ ಗಂಟು ಕಟ್ಟಿಕೊಂಡೇ ಬರುತ್ತದೆ. ಅದು ಮನೆ ಬಿಟ್ಟ ಮೇಲೆ ಹುಟ್ಟಿದ ಚಿಪ್ ಆಗಿದ್ದರೆ ಗುರುತು ಸಿಗುವುದಿಲ್ಲ. ಇದರಲ್ಲಿ ತಪ್ಪೇನಿಲ್ಲ, ನಮ್ಮ ಸೋದರಮಾವನಿಗೂ ಸಣ್ಣ ಮೊಮ್ಮಕ್ಕಳ ಗುರುತು ಸಿಗುವುದಿಲ್ಲ. ಆದರೆ ಮಾವ, ಗುರುತು ಸಿಗುವವರೆಗೂ ಯಾರೂ ಊಟಕ್ಕೆ ಕೂಡಬಾರದು ಅಂತ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ವಿಂಡೋಸ್ 11 ನಿಲ್ಲುತ್ತದೆ. 2021ರಲ್ಲಿ ಬಂದಾಗ ಹೋಮ್ ಆವೃತ್ತಿಗೆ ಮಾತ್ರ, ನೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂಬ ನಿಯಮ ಇತ್ತು. 2022ರಲ್ಲಿ ಪ್ರೊ ಆವೃತ್ತಿಯವರನ್ನೂ ಅದೇ ಸಾಲಿಗೆ ನಿಲ್ಲಿಸಿದರು. ಜಾಸ್ತಿ ದುಡ್ಡು ಕೊಟ್ಟವರಿಗೂ ಸಮಾನತೆ ಸಿಕ್ಕಿತು.

ಡಬ್ಬಿ ತಿರುವಿ ಹಾಕಿದೆ. ಒಂದು ಸಿಡಿ ಬಿತ್ತು. ಡ್ರೈವರ್ ಅದರಲ್ಲಿದೆ! ಖುಷಿಯಿಂದ ಎದ್ದು ಹೊಸ ಕ್ಯಾಬಿನೆಟ್ಟಿನ ಮುಂದೆ, ಹಿಂದೆ, ಪಕ್ಕ ಎಲ್ಲ ನೋಡಿದೆ. ಎಲ್ಲಾ ಕಡೆ ಬಣ್ಣಬಣ್ಣದ ಲೈಟು. ಸಿಡಿ ಹಾಕುವ ಬಾಯಿ ಮಾತ್ರ ಎಲ್ಲೂ ಇಲ್ಲ. ನಮ್ಮ ಗಲ್ಲಿಯಲ್ಲಿ ಸಿಡಿಗೆ ಈಗ ಉಳಿದಿರುವ ಕೆಲಸ ಒಂದೇ, ದಾರ ಕಟ್ಟಿ ಕಿಟಕಿಗೆ ತೂಗುಬಿಟ್ಟರೆ ಪಾರಿವಾಳ ಬರುವುದಿಲ್ಲ.

ಸಿಡಿ ಜೊತೆ ಒಂದು ಚೀಟಿಯೂ ಇತ್ತು. ತೊಂದರೆ ಬಂದರೆ ಕಂಪನಿ ನಂಬರಿಗೆ ಫೋನ್ ಮಾಡಿ ಅಂತ. ಮಾಡಿದೆ. ಒಂಬತ್ತು ಒತ್ತಿ, ಎರಡು ಒತ್ತಿ, ಇಪ್ಪತ್ತು ನಿಮಿಷ ಸಿತಾರ್ ಕೇಳಿದ ಮೇಲೆ ಒಬ್ಬ ತಂಗಿ ಬಂದಳು. ಬಹಳ ಮರ್ಯಾದಸ್ಥೆ. "ಸರ್, ಆ ಕಂಪ್ಯೂಟರಿಂದಲೇ ನಮ್ಮ ಸೈಟಿಗೆ ಹೋಗಿ, ಅದೇ ಬೋರ್ಡನ್ನು ಗುರುತು ಹಿಡಿದು ಯಾವ ಡ್ರೈವರ್ ಬೇಕು ಅಂತ ಹೇಳುತ್ತೆ" ಅಂದಳು. ತಂಗೀ, ಆ ಕಂಪ್ಯೂಟರಿಗೆ ನೆಟ್ ಇಲ್ಲ ಅಂದೆ. "ಹೌದಾ ಸರ್? ಹಾಗಾದರೆ ಆನ್‌ಲೈನ್ ಕಂಪ್ಲೇಂಟ್ ಹಾಕಿ" ಅಂದಳು.

ಕೊನೆಗೆ ಹುಬ್ಬಳ್ಳಿ ಅಂಗಡಿ ಹುಡುಗನಿಗೇ ಫೋನ್ ಹಚ್ಚಿದೆ. "ಕಾಕಾ, ಶಿಫ್ಟ್ ಜೋಡಿ ಎಫ್10 ಒತ್ರಿ. ಕರೀ ಕಿಟಕಿ ಬರ್ತೈತಿ. ನಾ ಹೇಳಿದ್ದು ಟೈಪ್ ಮಾಡ್ರಿ" ಅಂದ. ಅವನು ಒಂದೊಂದೇ ಅಕ್ಷರ ಹೇಳಿದ, ನಾನು ಒಂದೊಂದೇ ಹೊಡೆದೆ. ಓ, ಓ, ಬಿ, ಇ, ಒಂದು ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಬೈಪಾಸ್ ಎನ್‌ಆರ್‌ಓ. ಮಷಿನ್ ಬಂದ್ ಆಗಿ ಮತ್ತೆ ಚಾಲೂ ಆಯಿತು. ಈಗ "ನನ್ನ ಹತ್ತಿರ ಇಂಟರ್ನೆಟ್ ಇಲ್ಲ" ಎಂಬ ಒಂದು ಸಾಲು ಪರದೆಯಲ್ಲಿ ಮೂಡಿತ್ತು. ಅರ್ಧ ದಿನದಿಂದ ನಾನು ಹೇಳುತ್ತಿದ್ದದ್ದೂ ಅದನ್ನೇ ಅಲ್ವಾ? ಗುಪ್ತ ಮಂತ್ರ ಹೇಳಿದ ಮೇಲೆ ನಂಬಿತು. ಈ ಕಳ್ಳದಾರಿಯೂ ಜಾಸ್ತಿ ದಿನ ಇರುವುದಿಲ್ಲ. 2025ರಲ್ಲಿ ವಿಂಡೋಸ್‌ನ ಪರೀಕ್ಷಾ ಆವೃತ್ತಿಗಳಿಂದ ಆ ಮಂತ್ರವನ್ನು ತೆಗೆಯಲು ಶುರು ಮಾಡಿದರು. ನನ್ನ ಪೆನ್‌ಡ್ರೈವ್‌ನಲ್ಲಿದ್ದದ್ದು ಸ್ವಲ್ಪ ಹಳೇ ಮಾಲು, ಬಚಾವಾದೆ.

ಒಳಗೆ ಹೋದ ಮೇಲೆ ತೊಂದರೆ ಹುಡುಕುವ ಬಟನ್ ಒತ್ತಿದೆ. "ಸಹಾಯ ಪಡೆಯಿರಿ" ಎಂಬ ಕಿಟಕಿ ತೆರೆಯಿತು. ಚಕ್ರ ತಿರುಗಿತು, ತಿರುಗಿತು. ಸಹಾಯ ಸಿಗಬೇಕಾದರೆ ನೆಟ್ ಬೇಕಂತೆ.

"ಅದನ್ನ ಬಿಡ್ರಿ ಕಾಕಾ" ಅಂದ ಹುಡುಗ. "ಮೊದಲ ಬಯೋಸ್‌ನ್ಯಾಗ ನೋಡ್ರಿ, ಲ್ಯಾನ್ ಕಂಟ್ರೋಲರ್ ಬಂದ್ ಐತೇನು ಅಂತ." ಬಯೋಸ್ ಅಂದರೆ ವಿಂಡೋಸ್ ಏಳುವ ಮೊದಲೇ ತೆರೆಯುವ ಬೋರ್ಡಿನ ಸೆಟ್ಟಿಂಗ್ಸ್. ಡಿಲೀಟ್ ಒತ್ತಿ ಹೋಗಿ ನೋಡಿದೆ, ಚಾಲೂ ಇತ್ತು. "ಕರೆಂಟ್ ವೈರ್ ಕಿತ್ತು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ." ಹಿಡಿದೆ. ಯಜಮಾನರು ಕುತ್ತಿಗೆ ಮುಂದೆ ಚಾಚಿ ನೋಡುತ್ತಿದ್ದರು, ಕೋಳಿ ಹಿಸುಕುತ್ತಿದ್ದೇನೆ ಅಂದುಕೊಂಡಿರಬೇಕು. ಅದಾದ ಮೇಲೆ ಬೋರ್ಡಿನ ಮೇಲಿರುವ ದುಂಡನೆಯ ಸಿಆರ್2032 ಸೆಲ್ ತೆಗೆದು ಹಾಕಿದೆ. ಒಮ್ಮೊಮ್ಮೆ ಇಷ್ಟಕ್ಕೇ ಜೀವ ಬರುವುದುಂಟು. ಬರಲಿಲ್ಲ.

"ಡಿವೈಸ್ ಮ್ಯಾನೇಜರ್ ತಗೀರಿ. ಹಳದಿ ಗುರುತು ಕಾಣಸ್ತೈತೇನು?" ಕಾಣಿಸಿತು. "ಇತರೆ ಸಾಧನಗಳು" ಎಂಬ ತಲೆಬರಹದ ಕೆಳಗೆ ಬರೀ "ಈಥರ್ನೆಟ್ ಕಂಟ್ರೋಲರ್" ಅಂತ, ಪಕ್ಕದಲ್ಲಿ ಹಳದಿ ಉದ್ಗಾರ ಚಿಹ್ನೆ. "ಹಂಗಾರ ಬೋರ್ಡ್ ಸತ್ತಿಲ್ರಿ. ಏನೂ ಕಾಣದಿದ್ರ ವಾಪಸ್ ತಗೊಂಡ್ ಬರ್ರಿ ಅಂತಿದ್ದೆ. ಕಾಣತೈತಿ ಅಂದ್ರ ಬರೇ ಡ್ರೈವರ್ ಇಲ್ಲಷ್ಟ."

ಅದರ ಮೇಲೆ ಬಲಗಡೆ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಡೀಟೇಲ್ಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಚಿಪ್‌ನ ಕುಲಗೋತ್ರ ಸಿಗುತ್ತದೆ. ಅಲ್ಲಿ ವೆಂಡರ್ 10ಇಸಿ ಅಂತಿದ್ದರೆ ರಿಯಲ್‌ಟೆಕ್, 8086 ಅಂತಿದ್ದರೆ ಇಂಟೆಲ್. 8086 ಅಂದರೆ ಇಂಟೆಲ್‌ನ 1978ರ ಪ್ರೊಸೆಸರ್, ಆ ಮನೆತನ ಈಗಲೂ ತಾತನ ಹೆಸರೇ ಹೇಳಿಕೊಳ್ಳುತ್ತದೆ. ನನ್ನದು 10ಇಸಿ, ಮುಂದೆ 8125. ತನ್ನ ತಯಾರಕ ಯಾರು, ಮಾಡೆಲ್ ಯಾವುದು, ಎಲ್ಲವನ್ನೂ ಚಿಪ್ ಸ್ಪಷ್ಟವಾಗಿ ಹೇಳುತ್ತಿದೆ. ಹಿಂದಿನ ಪೋರ್ಟಿನಲ್ಲಿ ಹಸಿರು ಲೈಟು ಮಿಣಮಿಣ ಅನ್ನುತ್ತಿದೆ. ಆದರೂ ಲೆಕ್ಕದಲ್ಲಿ ಅದು ಇಲ್ಲ.

ಇದನ್ನು ನೋಡಿ ನನಗೆ ಅಪ್ಪ ನೆನಪಾದರು. ಅಪ್ಪ ಇದೇ ಊರಿನ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುವ ಕೆಲಸ ಮಾಡಿದವರು. ಸೀಸದ ಅಕ್ಷರ ಒಂದೊಂದೇ ಹೆಕ್ಕಿ, ತಿರುಗುಮುರುಗಾಗಿ ಕೂಡಿಸಿ ಜೋಡಿಸಬೇಕು. ಈಗ ಸಣ್ಣದೊಂದು ಪಿಎಫ್ ಪಿಂಚಣಿ ಬರುತ್ತದೆ. ಅದು ಬರಬೇಕಾದರೆ ವರ್ಷಕ್ಕೊಮ್ಮೆ ತಾವು ಬದುಕಿದ್ದೇನೆ ಅಂತ ಸಾಬೀತು ಮಾಡಬೇಕು. 2014ರಲ್ಲಿ ಇದಕ್ಕೆ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆ ಬಂತು, ಬೆರಳೊತ್ತಿದರೆ ಸಾಕು. ಅಪ್ಪ ಒತ್ತಿದರು. ಕೂಡಲಿಲ್ಲ. ಒರೆಸಿ ಒತ್ತಿದರು. ಕೂಡಲಿಲ್ಲ. ಹತ್ತೂ ಬೆರಳಾಯಿತು. ಮೊಳೆ ಹೆಕ್ಕಿ ಹೆಕ್ಕಿ ತುದಿ ಸವೆದು ನುಣ್ಣಗಾಗಿವೆ. ಊರಿಗೆಲ್ಲ ಅಚ್ಚು ಹಾಕಿಕೊಟ್ಟವರ ಬೆರಳಿಗೇ ಅಚ್ಚಿಲ್ಲ.

"ಅಲ್ರಿ ಸಾಹೇಬ್ರ, ನಾ ನಿಮ್ಮ ಮುಂದ ನಿಂತು ಮಾತಾಡಾಕತ್ತೇನಲ್ಲ" ಅಂದರು ಅಪ್ಪ. "ನಮಗ ಕಾಣತೀರಿ ಅಜ್ಜಾರ, ಸಿಸ್ಟಮ್‌ಗೆ ಕಾಣವಲ್ರಿ" ಅಂದ ಬೆರಳು ಒತ್ತಿಸುತ್ತಿದ್ದ ಹುಡುಗ. ಆಮೇಲೆ 2021ರಲ್ಲಿ ಮುಖ ತೋರಿಸುವ ಸೌಲಭ್ಯವೂ ಬಂದಿದೆ ಅಂತ ಗೊತ್ತಾಯಿತು. ಮನೆಯಲ್ಲೇ ಮೊಬೈಲ್ ಹಿಡಿದೆ. ಕಣ್ಣು ಮಿಟುಕಿಸಿ ಅಂತ ಬಂತು. ಅಪ್ಪ ಮಿಟುಕಿಸಿದರು. ಬದುಕಿದ್ದಾರೆ ಅಂತ ಪ್ರಮಾಣ ಸಿಕ್ಕಿತು. ಅವತ್ತಿನಿಂದ ಅವ್ವ ಏನಾದರೂ ಕೂಗಿ ಕೇಳಿದರೆ ಅಪ್ಪ ಮಾತಾಡುವುದಿಲ್ಲ, ಸುಮ್ನೆ ಕಣ್ಣು ಮಿಟುಕಿಸುತ್ತಾರೆ.

ಹೀಗೇ ಅಲ್ವಾ ನಡೆದಿರುವುದು? ಹಳೇ ಸಿಮ್ ಕಳೆದಿದೆ, ಖಾತೆಗೆ ಹೊಸ ನಂಬರ್ ಹಾಕಿಕೊಡಿ ಅಂದರೆ ಒಟಿಪಿ ಹಳೇ ನಂಬರಿಗೆ ಹೋಗುತ್ತದೆ. ಕರೆಂಟ್ ಹೋಗಿ ರೌಟರ್ ಸತ್ತಾಗ, ಕರೆಂಟ್ ಇಲ್ಲ ಅನ್ನುವುದನ್ನು ಆ್ಯಪಿನಲ್ಲಿ ತಿಳಿಸಬೇಕು. ಪಾಸ್‌ವರ್ಡ್ ಮರೆತರೆ ಇಮೇಲ್ ನೋಡಬೇಕು, ಮರೆತದ್ದು ಇಮೇಲಿನದೇ ಪಾಸ್‌ವರ್ಡ್. ಇಂಥ ಬಾಗಿಲು ಮಾಡಿದವರ ಮನೆಯಲ್ಲಿ ಕೀಲಿಕೈ ಎಲ್ಲಿಡುತ್ತಾರೋ, ಒಮ್ಮೆ ಹೋಗಿ ನೋಡಬೇಕು ಅಂತ ನನಗೆ ಆಸೆ.

"ಕಾಕಾ, ಅದೀರೇನು?" ಅಂದ ಫೋನಿನಲ್ಲಿ ಹುಡುಗ. ಕಣ್ಣು ಮಿಟುಕಿಸಿದರೆ ಅವನಿಗೆ ಕಾಣುವುದಿಲ್ಲವಾದ್ದರಿಂದ ಹೂಂ ಅಂದೆ. "ಮೊಬೈಲ್ ಚಾರ್ಜ್ ಮಾಡೂ ವೈರ್ ಕಂಪ್ಯೂಟರಿಗೆ ಹಚ್ರಿ. ಸೆಟ್ಟಿಂಗ್ಸ್‌ನ್ಯಾಗ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ. ಮೊಬೈಲಿನ ನೆಟ್ ಆ ವೈರಿನ್ಯಾಗ ಕಂಪ್ಯೂಟರಿಗೆ ಹೋಗ್ತೈತಿ."

ಹಚ್ಚಿದೆ. ಆನ್ ಮಾಡಿದೆ. ಎರಡೇ ಸೆಕೆಂಡು! ಮೂಲೆಯಲ್ಲಿ ನೆಟ್ ಗುರುತು ಬಂತು. ಮೂರು ವರ್ಷದ ಹಿಂದಿನ, ಗಾಜು ಒಡೆದು ಟೇಪ್ ಹಚ್ಚಿರುವ ನನ್ನ ಮೊಬೈಲನ್ನು ವಿಂಡೋಸ್ ಕಂಡಕೂಡಲೇ ಮಾತಾಡಿಸಿತು. ಮೊಬೈಲ್ ಹೀಗೆ ನೆಟ್‌ವರ್ಕ್ ಕಾರ್ಡಿನ ವೇಷ ಹಾಕಿಕೊಂಡು ಬಂದರೆ ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನ ಗಂಟಿನಲ್ಲೇ ಇರುತ್ತದಂತೆ. ತನ್ನದೇ ಬೋರ್ಡಿನ ಮೇಲೆ ಬೆಸುಗೆ ಹಾಕಿ ಕೂರಿಸಿದ ಚಿಪ್ ಮಾತ್ರ ಪರಕೀಯ.

ಇನ್ನೂ ಚಂದ ಮುಂದಿದೆ. ನಾನು ತಯಾರಕರ ಸೈಟಿಗೆ ಹೋಗಿ ಡ್ರೈವರ್ ಇಳಿಸಬೇಕು ಅಂತ ಬ್ರೌಸರ್ ತೆರೆಯುತ್ತಿದ್ದೆ. ಅಷ್ಟರಲ್ಲಿ ವಿಂಡೋಸ್ ತಾನೇ ಅಪ್‌ಡೇಟ್‌ಗೆ ಹೋಗಿ, ಅದೇ ಡ್ರೈವರ್ ಹುಡುಕಿ, ತಂದು, ಕೂರಿಸಿ, ಹಳದಿ ಗುರುತು ಒರೆಸಿ ಹಾಕಿತು. ಮೊಬೈಲ್ ವೈರ್ ಕಿತ್ತೆ. 2.5ಜಿ ಲ್ಯಾನ್ ಎದ್ದು ಕೂತಿತ್ತು. ನಮ್ಮ 40 ಎಂಬಿಪಿಎಸ್ ಅದರೊಳಗೆ ಬಣವಿಯಲ್ಲಿ ಬಿದ್ದ ಸೂಜಿಯ ಹಾಗೆ ಓಡಾಡುತ್ತಿತ್ತು.

"ಬಂತೇನ್ರಿ ಡ್ರೈವರ್?" ಅಂದರು ಯಜಮಾನರು.

"ಬಂದ್ರಿ. ಮೊಬೈಲ್ ಹೋಗಿ ಕರ್ಕೊಂಡು ಬಂತು."

"ಹಂಗಾರ ಶುರು ಮಾಡ್ರಿ. ಲಗ್ನಕ್ಕ ಹದಿನೆಂಟ ದಿನ ಉಳದಾವು."

ಶುರು ಮಾಡಿದೆ. ಮೇಲೆ ಗಣಪತಿ, ಆಮೇಲೆ ಕುಲದೇವರು, ಮಧ್ಯೆ ವಧುವರರು, ಕೆಳಗೆ ಆ ನಲವತ್ತು ಮಂದಿ. ಎಲ್ಲಾ ಕೂಡಿಸಿ ಪ್ರೂಫ್ ತೋರಿಸಿದೆ. ಯಜಮಾನರು ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಕೊನೆಗೆ ಮೂಲೆಯ ಖಾಲಿ ಜಾಗ ತೋರಿಸಿ, "ಇಲ್ಲೊಂದು ಆ ಚೌಕ ಚೌಕದ ಚಿತ್ರ ಹಾಕ್ರಿ. ಈಗ ಎಲ್ಲಾರೂ ಹಾಕಸ್ತಾರಲ್ಲ, ಮೊಬೈಲ್ ಹಿಡದ್ರ ದಾರಿ ತೋರಸ್ತೈತಿ" ಅಂದರು.

"ಕ್ಯೂಆರ್ ಕೋಡ್ ಏನ್ರಿ? ಹಾಕೂಣು. ನಿಮ್ಮೂರಾಗ ನೆಟ್‌ವರ್ಕ್ ಚಲೋ ಬರ್ತೈತೇನ್ರಿ?"

"ಎಲ್ಲೀದು? ಕ್ರಾಸ್ ದಾಟಿದ್ರ ಒಂದ್ ಕಡ್ಡಿನೂ ಇರೂದಿಲ್ಲ" ಅಂದರು. ಸ್ವಲ್ಪ ಯೋಚನೆ ಮಾಡಿದರು. "ಅದರ ಬುಡಕ ಸಣ್ಣದಾಗಿ ಬರೀರಿ. ದಾರಿ ತಿಳೀದಿದ್ರ ಹನುಮಪ್ಪನ ಗುಡಿ ಮುಂದ ನಿಂತು ಯಾರನ್ನರ ಕೇಳ್ರಿ, ಅಂತ."