ಬಾಯಿ ಬಿಡದ ಸಂಸದರು ಏನು ಕೇಳುತ್ತಾರೆ?

"ನಮ್ಮ ಸಂಸದರು ಸದನದಲ್ಲಿ ಬಾಯೇ ಬಿಡಲ್ಲ" ಅಂತ ಬೈಯುವವರು ಜಾಸ್ತಿ. ನಾನೂ ಬೈದಿದ್ದೇನೆ. ಮೊನ್ನೆ ರಾತ್ರಿ ಸುಮ್ನೆ ಕುತೂಹಲಕ್ಕೆ, ಹಿಂದಿನ ಸಾಲಿನಲ್ಲಿ ಕೂರುವ ಒಬ್ಬ ಸಂಸದರ ಲಿಖಿತ ಪ್ರಶ್ನೆಗಳನ್ನು ತೆಗೆದು ಓದುತ್ತಾ ಕೂತೆ. ಬೈಗುಳ ಅರ್ಧ ವಾಪಸ್ ತಗೊಂಡೆ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು. ಸಚಿವರು ಎದ್ದು ನಿಂತು ಉತ್ತರಿಸಬೇಕು. ಟಿವಿಯಲ್ಲಿ ಕಾಣುವುದು ಇಷ್ಟೇ. ಚುಕ್ಕೆ ಇಲ್ಲದವು 230. ಅವಕ್ಕೆ ಉತ್ತರ ಕಾಗದದಲ್ಲಿ ಮಾತ್ರ. ಚರ್ಚೆಯ ಸಮಯ ಪಕ್ಷಗಳ ಬಲ ನೋಡಿ ಹಂಚಿಕೆಯಾಗುತ್ತದೆ. ಹಿಂದಿನ ಸಾಲಿನವರ ಸರದಿ ಬಂದರೂ ಮಾತು ಶುರುವಾಗುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಮತ ಹಾಕಲು ಹೋದರೆ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆಜ್ಞೆ. ಲಿಖಿತ ಪ್ರಶ್ನೆಯೊಂದೇ ಅವರ ಸ್ವಂತದ್ದು.

ಹಾಗಂತ ಪ್ರಶ್ನೆ ಎಣಿಸಿ ಅಂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತಲ್ಲಿ ನಾಲ್ಕಾರು ಜನ ಕೇಳಿರುತ್ತಾರೆ, ಎಲ್ಲರ ಹೆಸರನ್ನೂ ಸಾಲಾಗಿ ಹಾಕಿ ಒಂದೇ ಉತ್ತರ. "ಯೋಜನೆ ಜಾರಿಯಲ್ಲಿದೆಯೇ?" ಅಂತ ಕೇಳಿದರೆ ಯೋಜನೆಯ ಗುಣಗಾನ ಎರಡು ಪುಟ ಬರುತ್ತದೆ. ಅದನ್ನೇ "ಮೂರು ವರ್ಷದಲ್ಲಿ ಬಿಡುಗಡೆಯಾದ ಹಣ ಎಷ್ಟು, ಖರ್ಚಾದದ್ದು ಎಷ್ಟು, ರಾಜ್ಯವಾರು ಕೊಡಿ" ಅಂತ ಕೇಳಿದರೆ? ಕೊನೆಗೆ ಅನುಬಂಧ ಅಂತ ಒಂದು ಪಟ್ಟಿ ಅಂಟಿಸಲೇಬೇಕು. ಬಿಡುಗಡೆಯ ಪಕ್ಕದಲ್ಲೇ ಖರ್ಚಿನ ಸಾಲು. ಪತ್ರಕರ್ತರಿಗೆ, ಸಂಶೋಧಕರಿಗೆ ಆ ಒಂದು ಹಾಳೆ ಸಾಕು.

ಫಿರೋಜ್ ಗಾಂಧಿ ಕಾಂಗ್ರೆಸ್ಸಿನ ಹಿಂದಿನ ಬೆಂಚಿನವರೇ, ಮೇಲಾಗಿ ಪ್ರಧಾನಿ ನೆಹರೂ ಅವರ ಅಳಿಯ. ಎಲ್‌ಐಸಿ ದುಡ್ಡು ಹರಿದಾಸ್ ಮುಂದ್ರಾ ಕಂಪನಿಗಳಿಗೆ ಹೇಗೆ ಹೋಯಿತು ಅಂತ 1957ರ ಡಿಸೆಂಬರ್‌ನಲ್ಲಿ ಲೆಕ್ಕ ಹಿಡಿದು ಕೇಳಿದರು. ಸುಮಾರು 1.24 ಕೋಟಿ ರೂಪಾಯಿ. ವಿಚಾರಣೆ ನಡೆದು, 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸ್ವಂತ ಪಕ್ಷದ ಸರ್ಕಾರ, ನೋಡಿ! (ಪ್ರಶ್ನೆ ಮಾರಿಕೊಂಡವರೂ ಇದ್ದಾರೆ. ದುಡ್ಡು ತಗೊಂಡು ಪ್ರಶ್ನೆ ಕೇಳಲು ಒಪ್ಪಿದ್ದಕ್ಕೆ 2005ರಲ್ಲಿ ಎರಡೂ ಸದನ ಸೇರಿ 11 ಜನರನ್ನು ಹೊರಹಾಕಿದರು.)

ನಾನು ಓದಿದ ಸಂಸದರಿಗೆ ಒಂದು ಕಡೆ ಸಿಕ್ಕ ಉತ್ತರ: "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು." ಸಾಗಹಾಕುವ ಮಾತು ಅನ್ನಿಸುತ್ತೆ ಅಲ್ವಾ? ಆದರೆ ಸಂಸತ್ತಿನ ಲೆಕ್ಕದಲ್ಲಿ ಅದು ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಬೆನ್ನು ಹತ್ತಲು ಭರವಸೆಗಳ ಸಮಿತಿಯೇ ಇದೆ. ನಮ್ಮವರು ಮುಂದಿನ ಅಧಿವೇಶನದಲ್ಲಿ ಮತ್ತೆ ಅದನ್ನೇ ಕೇಳಿದ್ದರು. ಈ ಸಲ ಅನುಬಂಧ ಬಂದಿತ್ತು.