ಇಲಿಬೆಟ್ಟ ಅನ್ನೋಕೆ ನಾಚಿಕೆ ಯಾಕೆ?

ಬೆಟ್ಟ ಅಗೆದು ಇಲಿ ಹಿಡಿದರು ಅಂತ ನಾವು ಆಡಿಕೊಳ್ಳುತ್ತೇವೆ. ಕಣ್ಣೂರು ಜಿಲ್ಲೆಯ ಪಯ್ಯನ್ನೂರಿನ ಹತ್ತಿರ ಅಗೆಯುವ ಕಷ್ಟವೇ ಇಲ್ಲ, ಬೆಟ್ಟದ ಹೆಸರಲ್ಲೇ ಇಲಿ ಕೂತಿದೆ. ಏಳಿಮಲ ಅಂತ. ಎತ್ತರ 286 ಮೀಟರ್, ಅಷ್ಟೇ. ಮಡಿಕೇರಿ ಕಡೆಯವರು ನೋಡಿದರೆ ‘ಇದೂ ಒಂದು ಬೆಟ್ಟವಾ’ ಅಂದಾರು. ಆದರೆ ಅದು ನಿಂತಿರುವ ಜಾಗ ನೋಡಬೇಕು. ಘಟ್ಟ ಎಲ್ಲೋ ದೂರ. ಸುತ್ತ ತೆಂಗಿನ ತೋಟ, ಹೊಳೆ, ಉಪ್ಪುನೀರು ನುಗ್ಗುವ ಗದ್ದೆ. ಇದೊಂದು ಮಾತ್ರ ಬಳಗ ಬಿಟ್ಟು ಬಂದು ಸೀದಾ ಸಮುದ್ರಕ್ಕೆ ಇಳಿದಿದೆ.

ಹೆಸರಿನ ನಡುವೆ ಇರುವುದು ಹಳಗನ್ನಡದ ೞ. ಮಲಯಾಳಿಗಳು ಅದನ್ನು ಉಳಿಸಿಕೊಂಡರು, ನಾವು ಕಳಕೊಂಡೆವು. ಹಾಗಾಗಿ ‘ಏಳಿ’ ಅಂತ ಬರೆದು, ರೈಲಿನಲ್ಲಿ ನಿದ್ದೆ ಹೊಡೆಯುವವರನ್ನು ‘ಏಳಿ ಏಳಿ, ಏಳಿಮಲ ಬಂತು’ ಅಂತ ಎಬ್ಬಿಸಿ ಮಜಾ ತಗೊಳ್ಳುತ್ತೇವೆ. ಇಲಿಗೆ ಮಲಯಾಳದಲ್ಲೂ ತುಳುವಿನಲ್ಲೂ ‘ಎಲಿ’. ಹೀಗೆ ಏಳಿಮಲ ಎಲಿಮಲ ಆಗೋದಕ್ಕೆ ನಾಲಿಗೆ ಚೂರು ಜಾರಿದರೆ ಸಾಕು.

ಅಲ್ಲಿನ ಯಾರ ಹತ್ತಿರವಾದರೂ ಈ ಇಲಿ ವಿಷಯ ಎತ್ತಿ ನೋಡಿ. ಒಮ್ಮೆ ಪಯ್ಯನ್ನೂರಲ್ಲಿ ಚಹಾ ಅಂಗಡಿಯವರನ್ನು ‘ಚೇಟ್ಟಾ, ಇದು ಇಲಿಬೆಟ್ಟ ಅಲ್ವಾ’ ಅಂತ ಕೇಳಿದೆ. ಅವರು ಲೋಟ ಕೆಳಗಿಟ್ಟು, ‘ಇಲಿ ಅಲ್ಲ, ಏಳು. ಏಳು ಬೆಟ್ಟ’ ಅಂತ ಬೆರಳು ಮಡಚಿ ತೋರಿಸಿದರು. ಇರಬಹುದು. ಸಂಗಂ ಕಾಲದ ತಮಿಳು ಪದ್ಯಗಳಲ್ಲಿ ನನ್ನನ್ ಎಂಬ ದೊರೆಯ ಬೆಟ್ಟವಾಗಿ ಇದು ಬರುತ್ತದೆ. ಅಲ್ಲಿನ ‘ಎೞಿಲ್’ ಹಿಡಿದು ಚೆಲುವಿನ ಬೆಟ್ಟ ಅನ್ನುವವರೂ ಇದ್ದಾರೆ. ಪಂಡಿತರು ತೀರ್ಮಾನ ಮಾಡಲಿ. ನನ್ನ ತಕರಾರು ಬೇರೆ. ಏಳು, ಚೆಲುವು ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಇಲಿ ಅಂದ ಕೂಡಲೇ ಮುಖ ಸಣ್ಣದು ಮಾಡುತ್ತಾರೆ. ಯಾಕೆ?

ಹಾಗೆ ನೋಡಿದರೆ ಆ ನಾಡಿನ ರಾಜರಿಗೇ ಈ ನಾಚಿಕೆ ಇರಲಿಲ್ಲ. ಅವರ ವಂಶದ ಹೆಸರೇ ಮೂಷಿಕ. 11ನೇ ಶತಮಾನದಲ್ಲಿ ಅತುಲ ಎಂಬ ಕವಿ ಅವರ ಮೇಲೆ ಸಂಸ್ಕೃತದಲ್ಲಿ ‘ಮೂಷಿಕವಂಶ’ ಅಂತ ಕಾವ್ಯವನ್ನೇ ಬರೆದ. ಅದರಲ್ಲಿ ಬರುವ ಕಥೆ ಕೇಳಿ. ಗಂಡನನ್ನು ಕಳಕೊಂಡ ಬಸುರಿ ರಾಣಿ ಜೀವ ಉಳಿಸಿಕೊಳ್ಳಲು ಓಡಿ ಬಂದು ಈ ಬೆಟ್ಟದ ಗುಹೆ ಸೇರುತ್ತಾಳೆ. ಅಲ್ಲಿ ಆನೆ ಗಾತ್ರದ ಒಂದು ಇಲಿ ಅವಳ ಮೇಲೆ ಬೀಳಲು ಬರುತ್ತದೆ. ರಾಣಿ ಒಮ್ಮೆ ಕಣ್ಣು ಬಿಟ್ಟು ನೋಡುತ್ತಾಳೆ, ಇಲಿ ಸುಟ್ಟು ಬೂದಿ. ಬೂದಿಯಿಂದ ಎದ್ದು ಬಂದವನು ಪರ್ವತರಾಜ. ಋಷಿಯ ಶಾಪದಿಂದ ಇಲಿಯಾಗಿದ್ದನಂತೆ! ಶಾಪ ಕಳೆದ ಖುಷಿಯಲ್ಲಿ ರಾಣಿಯನ್ನು ಕಾಯುತ್ತಾನೆ, ಅವಳ ಮಗ ಮುಂದೆ ರಾಜನಾಗುತ್ತಾನೆ. ಬೇಕಿದ್ದರೆ ಆ ಕವಿ ಹುಲಿಯನ್ನೋ ಸಿಂಹವನ್ನೋ ತಂದು ನಿಲ್ಲಿಸಬಹುದಿತ್ತು. ಹೆಸರಲ್ಲಿದ್ದ ಇಲಿಯನ್ನು ಬಚ್ಚಿಡಲಿಲ್ಲ, ಆನೆಯಷ್ಟು ದೊಡ್ಡದು ಮಾಡಿದ. ನನಗೆ ಇಷ್ಟವಾಗಿದ್ದು ಅದೇ. ಅಷ್ಟಕ್ಕೂ ಚೌತಿಯ ದಿನ ಗಣಪತಿಯ ಕಾಲ ಬುಡದಲ್ಲಿ ಕೂತವನಿಗೂ ನಾವು ಕೈ ಮುಗಿಯುತ್ತೇವಲ್ಲ.

ಹೊರಗಿನವರ ಕೈಯಲ್ಲಿ ಹೆಸರು ಇನ್ನೂ ಪಾಡು ಪಟ್ಟಿತು. 13ನೇ ಶತಮಾನದ ಮಾರ್ಕೋ ಪೋಲೋಗೆ ಇದು ‘ಎಲಿ’ ರಾಜ್ಯ. ಮುಂದಿನ ಶತಮಾನದ ಇಬ್ನ್ ಬತೂತಾಗೆ ‘ಹಿಲಿ’. ಪೋರ್ಚುಗೀಸರು ‘ಮೊಂತೆ ದೆಲಿ’ ಅಂದರು, ಅಂದರೆ ಎಲಿಯ ಬೆಟ್ಟ. ಅವರಲ್ಲೇ ಒಬ್ಬ, ಗಾಸ್ಪರ್ ಕೊರೆಯಾ, ಅಲ್ಲಿ ಇಲಿಗಳು ಎಷ್ಟು ಜಾಸ್ತಿ ಅಂದರೆ ಒಂದು ಹಳ್ಳಿ ಕಟ್ಟಲೂ ಆಗಲಿಲ್ಲ ಅಂತ ಬರೆದಿಟ್ಟ. ಪೂರಾ ಬುರುಡೆ ಇರಬೇಕು! ಆಮೇಲೆ ಇಂಗ್ಲಿಷರು ಬಂದು ಅದನ್ನು ‘ಮೌಂಟ್ ಡೆಲ್ಲಿ’ ಮಾಡಿದರು. ಅಲ್ಲಿನ ಲೈಟ್‌ಹೌಸ್ ಇವತ್ತಿಗೂ ಮೌಂಟ್ ಡಿಲ್ಲಿ. ಕೇರಳದ ಕರಾವಳಿಯಲ್ಲಿ ಒಂದು ದಿಲ್ಲಿ! ಇಲಿ ರಾಜಧಾನಿ ಸೇರಿದ್ದು ಹೀಗೆ.

ಇಷ್ಟು ಸಣ್ಣ ಬೆಟ್ಟದ ಮೇಲೆ ಎಲ್ಲರ ಕಣ್ಣು ಬೀಳಲು ಕಾರಣ ಸರಳ. ತಗ್ಗು ಕರಾವಳಿಯಲ್ಲಿ ಸಮುದ್ರದ ಅಂಚಿಗೇ ನಿಂತ 286 ಮೀಟರ್ ಅಂದರೆ, ಆಕಾಶ ತಿಳಿಯಾಗಿದ್ದ ದಿನ ಸುಮಾರು 60 ಕಿಲೋಮೀಟರ್ ದೂರದ ಹಡಗಿಗೂ ತುದಿ ಕಾಣಬೇಕು. ವಾಸ್ಕೋ ಡ ಗಾಮ 1498ರ ಏಪ್ರಿಲ್ 24ಕ್ಕೆ ಆಫ್ರಿಕಾದ ಮಾಲಿಂದಿ ಬಿಟ್ಟು, ಮೇ 18ಕ್ಕೆ ಮೊದಲ ಸಲ ಭಾರತದ ನೆಲ ಕಂಡಾಗ ಕಂಡಿದ್ದು ಇದೇ ಬೆಟ್ಟ ಅಂತ ಹೇಳುತ್ತಾರೆ. ಹಡಗಿನೊಳಗಿನ ಇಲಿಗಳ ಕಾಟ ತಿಂದು ಬಂದವರಿಗೆ ಎದುರಾಗಿದ್ದು ಇಲಿಬೆಟ್ಟ. ಪಾಪ.

ಈಗ ಅಲ್ಲಿ ನೌಕಾ ಅಕಾಡೆಮಿ ಇದೆ. 1987ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2009ರ ಜನವರಿ 8ಕ್ಕೆ ಮನಮೋಹನ್ ಸಿಂಗ್ ಉದ್ಘಾಟಿಸಿದರು. ನೌಕಾಪಡೆಗೆ ಅಧಿಕಾರಿಗಳು ತಯಾರಾಗುವುದು ಇಲ್ಲೇ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2021ರಲ್ಲಿ ಕಾಸರಗೋಡಿನ ಕೆಲವು ಊರುಗಳ ಕನ್ನಡ ಹೆಸರು ಬದಲಾಗುತ್ತದೆ ಅಂತ ಸುದ್ದಿ ಎದ್ದಾಗ ಇಲ್ಲೇ ಎಷ್ಟು ಪೋಸ್ಟ್ ಬಿದ್ದವು, ನೆನಪಿದೆಯಾ? ಕೇರಳ ಸರ್ಕಾರ ಅಂಥದ್ದೇನಿಲ್ಲ ಅಂದ ಮೇಲೇ ತಣ್ಣಗಾಗಿದ್ದು. ಆ ಸಿಟ್ಟು ಸರಿಯಾಗಿಯೇ ಇತ್ತು. ಆದರೆ ಹಾಗೆ ಸಿಟ್ಟಾದ ನಾವೇ, ಗುಡ್ಡದ ಹೆಸರಲ್ಲಿ ನಾಯಿ, ನರಿ, ಕಪ್ಪೆ ಇದ್ದರೆ ಮದುವೆ ಕಾಗದದಲ್ಲಿ ಹಾಕೋಕೆ ಹಿಂದೆ ಮುಂದೆ ನೋಡುತ್ತೇವೆ. ಗುಡ್ಡ ಕಡಿದು ಲೇಔಟ್ ಮಾಡಿದವನು ಅದಕ್ಕೊಂದು ‘ಹಿಲ್ ವ್ಯೂ’ ಅಂತ ಬೋರ್ಡ್ ಹಾಕಿದರೆ ಯಾರೂ ಪೋಸ್ಟ್ ಹಾಕುವುದಿಲ್ಲ. ಸರ್ಕಾರ ಹೆಸರು ಅಳಿಸಿದರೆ ಅನ್ಯಾಯ, ನಾವೇ ಅಳಿಸಿದರೆ ನಾಜೂಕು. ಇದ್ಯಾವ ನ್ಯಾಯ ಸ್ವಾಮಿ?

ಹೋಗುವ ಮನಸ್ಸಿದ್ದವರಿಗೆ: ಮಂಗಳೂರಿನಿಂದ ಕಣ್ಣೂರು ಕಡೆ ರೈಲಲ್ಲಿ ಹೋದರೆ ಬಲಗಡೆ ಕಿಟಕಿ ಹಿಡಿಯಿರಿ, ಪಯ್ಯನ್ನೂರು ದಾಟಿದ ಮೇಲೆ ಬೆಟ್ಟ ಕಾಣುತ್ತದೆ. ಏಳಿಮಲ ಅಂತಲೇ ಒಂದು ಸಣ್ಣ ಸ್ಟೇಷನ್ನೂ ಇದೆ. ಬೆಟ್ಟದ ಬಹುಭಾಗ ನೌಕಾಪಡೆಯ ಕೈಯಲ್ಲಿದೆ, ಸುಮ್ನೆ ಹತ್ತಿ ಬರ್ತೀನಿ ಅಂದರೆ ಬಿಡುವುದಿಲ್ಲ. ಎಟ್ಟಿಕ್ಕುಳಂ ಕಡಲ ತೀರಕ್ಕೆ ಹೋಗಿ, ಅಲ್ಲಿಂದ ನೋಡಿದರಾಯ್ತು. ಮತ್ತೆ ಕಾಮೆಂಟಿನಲ್ಲಿ ನಿಮ್ಮ ಕಡೆಯ ಗುಡ್ಡಗಳ ಹೆಸರು ಹಾಕಿ. ಅಜ್ಜ ಅಜ್ಜಿ ಹೇಳುತ್ತಿದ್ದ ಹೆಸರೇ ಬೇಕು, ಬೋರ್ಡಿನದ್ದು ಬೇಡ.